ಬ್ರೌಸರ್ ಯಾರ ಕಡೆಯ ಆಳು?

2025ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಊರಿಂದ ಅಪ್ಪನ ಫೋನ್ ಬಂತು. ಸಾಗರದ ಹತ್ತಿರದ ನಮ್ಮನೆಯಲ್ಲಿ ನನ್ನದೊಂದು ಹಳೇ ಲ್ಯಾಪ್‌ಟಾಪ್ ಇದೆ. ಅಪ್ಪ ಅದರಲ್ಲಿ ಮಾಡೋದು ಮೂರೇ ಕೆಲಸ: ಅಡಿಕೆ ಧಾರಣೆ ನೋಡೋದು, ಪೇಪರ್ ಓದೋದು, ರಾತ್ರಿ ಯಕ್ಷಗಾನ ನೋಡೋದು.

"ಎಂತದೋ ಮಾರಾಯ, ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ ಅಂತ ಕೆಂಪು ಅಕ್ಷರದಲ್ಲಿ ಬರ್ತಾ ಇದೆ. ಕೂಡಲೇ ಈ ನಂಬರಿಗೆ ಫೋನ್ ಮಾಡಿ ಅಂತ ಹಾಕಿದಾರೆ. ನಿನ್ನ ಒಂದ್ಸಲ ಕೇಳಿ ಮಾಡೋಣ ಅಂತ ಕೂತೆ."

"ಮಾಡ್ಬೇಡ ಅಪ್ಪಾ! ಎಂತದೂ ಮುಟ್ಬೇಡ, ಮುಚ್ಚಿಡು" ಅಂತ ಕೂಗಿದೆ. ಕೇಳದೆ ಫೋನ್ ಮಾಡಿದ್ದರೆ ಆ ಕಡೆಯವರು ಒಟಿಪಿ ಕೇಳಿ ಪೆನ್ಷನ್ ಖಾತೆ ಗುಡಿಸಿ ಹಾಕ್ತಿದ್ದರು. ಆಮೇಲೆ ದೂರದಿಂದಲೇ ಸ್ಕ್ರೀನ್ ನೋಡಿದಾಗ ವಿಷಯ ಗೊತ್ತಾಯ್ತು. ನಾಲ್ಕು ವರ್ಷದ ಹಿಂದೆ ನಾನೇ ಹಾಕಿಟ್ಟಿದ್ದ ಆಡ್ ಬ್ಲಾಕರ್ ಆಫ್ ಆಗಿತ್ತು. ಇದಕ್ಕೆ ಇನ್ನು ಬೆಂಬಲವಿಲ್ಲ ಅನ್ನೋ ಒಂದು ಸಾಲಿನ ಸೂಚನೆ ಕೂತಿತ್ತು. ಆ ಎಚ್ಚರಿಕೆ ತಿಂಗಳುಗಳಿಂದ ಬರ್ತಾನೇ ಇತ್ತಂತೆ. ಅಪ್ಪ ದೀಪಾವಳಿಗೆ ಹೋದಾಗಲೇ ತೋರಿಸಿದ್ದ. ಆಮೇಲೆ ನೋಡೋಣ ಅಂದು ಕಡುಬು ತಿಂದು ಬಸ್ ಹತ್ತಿದವನು ನಾನು.

"ಅದನ್ನ ಯಾರು ಆಫ್ ಮಾಡಿದ್ದು? ನಾನು ಮುಟ್ಟೇ ಇಲ್ಲ" ಅಂತ ಅಪ್ಪ ಕೇಳಿದ್ದಕ್ಕೆ ಎರಡು ಮಾತಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಯಾಕಂದ್ರೆ ಅದು ಮೂವತ್ತು ವರ್ಷದ ಕತೆ.

ಅದು ಶುರುವಾಗೋದು 1994ರ ಅಕ್ಟೋಬರ್‌ನಲ್ಲಿ. ಆ ತಿಂಗಳ 13ರಂದು ನೆಟ್‌ಸ್ಕೇಪ್ ಬ್ರೌಸರಿನ ಮೊದಲ ಆವೃತ್ತಿ ಜನರ ಕೈಗೆ ಬಂತು. ಎರಡೇ ವಾರಕ್ಕೆ, 27ರಂದು, ಅಮೆರಿಕದ ಹಾಟ್‌ವೈರ್ಡ್ ಅನ್ನೋ ತಾಣ ಪುಟದ ಮೇಲೆ ಬಣ್ಣದ ಪಟ್ಟಿಗಳನ್ನು ಮಾರಿತು. ಅದರಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಪಟ್ಟಿ, ಇಲ್ಲಿ ಯಾವತ್ತಾದ್ರೂ ಒತ್ತಿದ್ದೀರಾ ಅಂತ ಕೇಳ್ತಿತ್ತು. ವೆಬ್ಬಿನ ಬ್ಯಾನರ್ ಜಾಹೀರಾತು ಹುಟ್ಟಿದ್ದು ಹೀಗೆ. ಬ್ರೌಸರೂ ಜಾಹೀರಾತೂ ಹೆಚ್ಚುಕಮ್ಮಿ ಒಂದೇ ತೊಟ್ಟಿಲಲ್ಲಿ ಆಡಿದ ಕೂಸುಗಳು.

ಇಲ್ಲೊಂದು ಪದ ನೆನಪಿಟ್ಟುಕೊಳ್ಳಿ. ವೆಬ್ಬಿನ ನಿಯಮಗಳಲ್ಲಿ ಬ್ರೌಸರಿಗೆ ಇರೋ ಹೆಸರು ‘ಯೂಸರ್ ಏಜೆಂಟ್’. ಅಂದ್ರೆ ಬಳಸುವವನ ಕಡೆಯ ಆಳು. ಸರ್ವರಿನಿಂದ ಏನು ತರಬೇಕು, ತಂದಿದ್ದರಲ್ಲಿ ಯಾವುದನ್ನು ತೋರಿಸಬೇಕು ಅನ್ನೋದನ್ನ ಅದು ನಮ್ಮ ಪರವಾಗಿ ಮಾಡಬೇಕು. ಈ ಕತೆಯ ಎಲ್ಲ ಜಗಳವೂ ಈ ಒಂದು ಪದದ ಬಗ್ಗೆಯೇ.

ಬ್ಯಾನರ್ ಆದಮೇಲೆ ಬಂದದ್ದು ಪಾಪ್-ಅಪ್. ತೊಂಬತ್ತರ ದಶಕದ ಕೊನೆಗೆ ಟ್ರೈಪಾಡ್ ಅನ್ನೋ ತಾಣದಲ್ಲಿ ಕೆಲಸ ಮಾಡ್ತಿದ್ದ ಈಥನ್ ಝುಕರ್‌ಮನ್ ಇದಕ್ಕೆ ಕೋಡ್ ಬರೆದರು. ತಮ್ಮ ಜಾಹೀರಾತು ಅಸಹ್ಯದ ಪುಟದ ಒಳಗೆ ಕಾಣಿಸಿತು ಅಂತ ಒಂದು ಕಾರು ಕಂಪನಿ ಗಲಾಟೆ ಮಾಡಿತ್ತು. ಸರಿ, ಜಾಹೀರಾತನ್ನ ಬೇರೆ ಕಿಟಕಿಯಲ್ಲೇ ತೋರಿಸೋಣ ಅಂತ ಈ ಉಪಾಯ. 2014ರಲ್ಲಿ ಝುಕರ್‌ಮನ್ ಲೇಖನ ಬರೆದು ಲೋಕದ ಕ್ಷಮೆ ಕೇಳಿದರು. ಒಂದು ಪುಟ ತೆರೆದರೆ ಹತ್ತು ಕಿಟಕಿ ಎದ್ದು ನಿಲ್ಲೋ ಕಾಲ ನೋಡಿದವರಿಗೆ ಆ ಕ್ಷಮೆಯ ಬೆಲೆ ಗೊತ್ತು.

ಆ ಹೊತ್ತಿಗೆ ನೆಟ್‌ಸ್ಕೇಪ್ ಸೋತಿತ್ತು. ವಿಂಡೋಸ್ ಜೊತೆಗೇ ಬರ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ ನೂರಕ್ಕೆ 90ಕ್ಕೂ ಹೆಚ್ಚು ಜನರ ಹತ್ತಿರ ಇತ್ತು. ಎದುರಾಳಿ ಇಲ್ಲ ಅಂದ್ಮೇಲೆ ಕೆಲಸ ಯಾಕೆ? 2001ರಲ್ಲಿ ಆರನೇ ಆವೃತ್ತಿ ಕೊಟ್ಟ ಮೈಕ್ರೋಸಾಫ್ಟ್ ಏಳನೆಯದನ್ನು ಕೊಟ್ಟಿದ್ದು 2006ರಲ್ಲಿ. ಇತ್ತ ನೆಟ್‌ಸ್ಕೇಪ್ ಸಾಯೋ ಮುಂಚೆ ಬಿಟ್ಟುಕೊಟ್ಟ ಕೋಡ್‌ನಿಂದ ಮೊಝಿಲ್ಲಾ ಹುಟ್ಟಿತ್ತು. 2004ರ ನವೆಂಬರ್ 9ಕ್ಕೆ ಫೈರ್‌ಫಾಕ್ಸ್ 1.0 ಬಂತು. ಅದು ಪಾಪ್-ಅಪ್‌ಗಳನ್ನ ಹಾಕಿದ ದಿನದಿಂದಲೇ ತಡೀತಿತ್ತು. ಜನ ಎಷ್ಟು ಖುಷಿಪಟ್ಟರು ಅಂದ್ರೆ, ತಾವೇ ಕೈಯಿಂದ ದುಡ್ಡು ಹಾಕಿ ಆ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎರಡು ಪುಟದ ಜಾಹೀರಾತು ಕೊಟ್ಟರು. ಜಾಹೀರಾತು ತಡೆಯೋ ಬ್ರೌಸರಿಗೆ ಜನರೇ ಕೊಟ್ಟ ಜಾಹೀರಾತು!

2007ರಲ್ಲಿ ನಾನು ಬಿ.ಇ. ಸೇರಿದಾಗ ನಮ್ಮ ಲ್ಯಾಬಿನಲ್ಲಿ ಫೈರ್‌ಫಾಕ್ಸ್ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹರಡ್ತಿತ್ತು. ಅದರ ಜೊತೆ ಸೀನಿಯರ್‌ಗಳು ಕೊಡ್ತಿದ್ದ ಇನ್ನೊಂದು ಪ್ರಸಾದ ಆಡ್‌ಬ್ಲಾಕ್ ಪ್ಲಸ್. ಅದರ ಮೂಲ ಆಡ್‌ಬ್ಲಾಕ್ ಬರೆದದ್ದು ಡೆನ್ಮಾರ್ಕಿನ ಹೆನ್ರಿಕ್ ಸೋರೆನ್‌ಸೆನ್, 2002ರಲ್ಲಿ, ಪರೀಕ್ಷೆಗೆ ಓದಬೇಕಾದ ಹೊತ್ತಲ್ಲಿ. 2006ರಲ್ಲಿ ವ್ಲಾದಿಮಿರ್ ಪಲಾಂಟ್ ಅದನ್ನ ಹೊಸದಾಗಿ ಬರೆದರು. ಆದರೆ 2011ರಲ್ಲಿ ಆಡ್‌ಬ್ಲಾಕ್ ಪ್ಲಸ್ ‘ಒಪ್ಪಬಹುದಾದ ಜಾಹೀರಾತು’ ಅಂತ ಒಂದು ಪಟ್ಟಿ ತಂದಿತು. ಅದರೊಳಗೆ ಸೇರಲು ದೊಡ್ಡ ಕಂಪನಿಗಳು ದುಡ್ಡು ಕೊಡಬೇಕಿತ್ತು. ಕಾವಲಿಗೆ ನಿಂತವನೇ ಬಾಗಿಲಲ್ಲಿ ವಸೂಲಿಗೆ ನಿಂತ ಹಾಗೆ. ಬೇಸರಗೊಂಡವರಿಗೆ 2014ರಲ್ಲಿ ರೇಮಂಡ್ ಹಿಲ್ ಬರೆದ ಯುಬ್ಲಾಕ್ ಸಿಕ್ಕಿತು. ಮರುವರ್ಷದಿಂದ ಅದು ಯುಬ್ಲಾಕ್ ಒರಿಜಿನ್. ಮೂರು ಕೋಟಿಗೂ ಹೆಚ್ಚು ಕ್ರೋಮ್ ಬಳಕೆದಾರರು ಹಾಕಿಕೊಂಡ ಈ ಸಾಧನಕ್ಕೆ ಹಿಲ್ ಒಂದು ಪೈಸೆ ದೇಣಿಗೆಯನ್ನೂ ತಗೊಳ್ಳೋದಿಲ್ಲ.

ಕ್ರೋಮ್ ಅಂದೆನಲ್ಲ, ಅಲ್ಲಿಗೆ ಬರೋಣ. 2008ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಕ್ರೋಮ್ ಬಿಟ್ಟಾಗ ನಾವೆಲ್ಲ ಒಂದೇ ವಾರದಲ್ಲಿ ಅದಕ್ಕೆ ಹಾರಿದೆವು. ನಿಜಕ್ಕೂ ಚೆನ್ನಾಗಿತ್ತು. ವೇಗ ಇತ್ತು, ಒಂದು ಟ್ಯಾಬ್ ಕೆಟ್ಟರೆ ಉಳಿದವು ಬದುಕ್ತಿದ್ದವು. 2010ಕ್ಕೆ ಎಕ್ಸ್‌ಟೆನ್ಷನ್‌ಗಳೂ ಬಂದವು. ಇದನ್ನ ಕೊಡ್ತಿರೋ ಕಂಪನಿಯ ಮುಖ್ಯ ಆದಾಯವೇ ಜಾಹೀರಾತು ಅನ್ನೋದು ಗೊತ್ತಿದ್ದೂ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಅಡಿಕೆ ಬೆಳೆಗಾರನ ಮಗನಾಗಿ ನನಗಾದರೂ ಹೊಳೆಯಬೇಕಿತ್ತು. ತಕ್ಕಡಿಯೂ ಅವನದೇ, ಖರೀದಿಯೂ ಅವನದೇ ಅಂದ್ರೆ ಹುಷಾರಾಗಿರು ಅಂತ ಅಜ್ಜ ಹೇಳ್ತಿದ್ದ.

2018ರ ಕೊನೆಗೆ ಗೂಗಲ್ ‘ಮ್ಯಾನಿಫೆಸ್ಟ್ ವಿ3’ ಅನ್ನೋ ಹೊಸ ನಿಯಮಾವಳಿ ಪ್ರಕಟಿಸಿತು. ಇದನ್ನ ಮದುವೆ ಮನೆ ಲೆಕ್ಕದಲ್ಲಿ ಹೇಳ್ತೀನಿ. ಹಳೇ ಪದ್ಧತಿಯಲ್ಲಿ ಆಡ್ ಬ್ಲಾಕರ್ ಅಂದ್ರೆ ಛತ್ರದ ಬಾಗಿಲಲ್ಲಿ ನಿಂತ ನಮ್ಮ ಸೋದರಮಾವ. ಬರೋ ಪ್ರತಿಯೊಬ್ಬರ ಮುಖ ನೋಡಿ ಒಳಗೆ ಬಿಡಬೇಕೋ ಬೇಡವೋ ಅಂತ ಆ ಕ್ಷಣಕ್ಕೆ ತೀರ್ಮಾನಿಸೋನು. ಹೊಸ ಪದ್ಧತಿಯಲ್ಲಿ ಮಾವ ಬಾಗಿಲಲ್ಲಿ ನಿಲ್ಲೋ ಹಾಗಿಲ್ಲ. ಯಾರನ್ನ ಬಿಡಬಾರದು ಅಂತ ಮೊದಲೇ ಪಟ್ಟಿ ಬರೆದು ಛತ್ರದ ಮಾಲೀಕನ ವಾಚ್‌ಮನ್‌ಗೆ ಕೊಡಬೇಕು. ಪಟ್ಟಿಗೆ ಇಷ್ಟೇ ಸಾಲು ಅಂತ ಮಿತಿ. ಮೊದಲು 30,000 ಅಂದರು, ಕೂಗೆದ್ದ ಮೇಲೆ ಹೆಚ್ಚಿಸಿದರು. ಹೊಸ ವೇಷದಲ್ಲಿ ಬಂದವನನ್ನ ನಡಿಗೆ ನೋಡಿ ಹಿಡಿಯೋದು ಮಾವನಿಗೆ ಬರುತ್ತೆ, ಪಟ್ಟಿಗೆ ಬರಲ್ಲ.

ಗೂಗಲ್ ಕೊಟ್ಟ ಕಾರಣ ಪೂರ್ತಿ ಸುಳ್ಳು ಅಂತ ನಾನು ಹೇಳೋದಿಲ್ಲ. ಎಕ್ಸ್‌ಟೆನ್ಷನ್ ವೇಷದ ಕಳ್ಳರು ಜನರ ಮಾಹಿತಿ ಕದ್ದದ್ದು ಸತ್ಯ. ಸುರಕ್ಷತೆ ಬೇಕು, ವೇಗವೂ ಬೇಕು. ಆದರೆ ಹೊಸ ನಿಯಮದಲ್ಲೂ ಎಕ್ಸ್‌ಟೆನ್ಷನ್‌ಗಳು ಬಂದು ಹೋಗೋದನ್ನೆಲ್ಲ ನೋಡ್ತಾ ಕೂರಬಹುದು. ತಡೆಯೋದಕ್ಕೆ ಮಾತ್ರ ಅಡ್ಡಿ! ಕಳ್ಳನಿಗೆ ಬೇಕಾದ್ದು ನೋಡೋದು, ಕಾವಲುಗಾರನಿಗೆ ಬೇಕಾದ್ದು ತಡೆಯೋದು. ಇಲ್ಲಿ ಕೈ ಕಟ್ಟಿದ್ದು ಯಾರದು ಅಂತ ನೀವೇ ಯೋಚಿಸಿ.

ಗಡುವು ಹಲವು ಸಲ ಮುಂದೆ ಹೋಯ್ತು. 2024ರ ಜೂನ್‌ನಲ್ಲಿ ಎಚ್ಚರಿಕೆಗಳು ಶುರುವಾದವು, ಅಕ್ಟೋಬರ್‌ನಿಂದ ಸಾಮಾನ್ಯ ಬಳಕೆದಾರರಲ್ಲೂ ಹಳೇ ಎಕ್ಸ್‌ಟೆನ್ಷನ್‌ಗಳು ಒಂದೊಂದಾಗಿ ನಿಂತವು, 2025ರಲ್ಲಿ ಕತೆ ಮುಗೀತು. ಹಿಲ್ ‘ಯುಬ್ಲಾಕ್ ಒರಿಜಿನ್ ಲೈಟ್’ ಅಂತ ಪಟ್ಟಿ ಪದ್ಧತಿಯದೂ ಒಂದು ಮಾಡಿದ್ದಾರೆ. ಬಹಳಷ್ಟನ್ನ ಅದೂ ತಡೆಯುತ್ತೆ, ಆದರೆ ಹಳೆಯದರ ಎಲ್ಲ ಶಕ್ತಿ ಅದಕ್ಕಿಲ್ಲ. ಮೊಝಿಲ್ಲಾ ಮಾತ್ರ ಎರಡೂ ಪದ್ಧತಿಗೆ ಜಾಗ ಇಟ್ಟಿತು. ಹಾಗಾಗಿ ಇಪ್ಪತ್ತು ವರ್ಷದ ಹಿಂದೆ ಪಾಪ್-ಅಪ್ ತಾಳಲಾರದೆ ಫೈರ್‌ಫಾಕ್ಸ್‌ಗೆ ಬಂದ ಹಾಗೇ, ಜನ ಮತ್ತೆ ಅಲ್ಲಿಗೆ ಬಂದರು.

ಇದು ಬರೀ ಕಿರಿಕಿರಿಯ ವಿಷಯ ಆಗಿದ್ದರೆ ನಾನಿಷ್ಟು ಬರೀತಿರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ, ಹುಡುಕಾಟದ ಫಲಿತಾಂಶಗಳಲ್ಲಿ ಮೋಸದ ಜಾಹೀರಾತು ಬರ್ತಿವೆ, ಆಡ್ ಬ್ಲಾಕರ್ ಬಳಸಿ ಅಂತ ಜನರಿಗೇ ಹೇಳಿತು. ನಮ್ಮಪ್ಪನಂಥವರಿಗೆ ಜಾಹೀರಾತಿಗೂ ಸುದ್ದಿಗೂ, ಕಂಪ್ಯೂಟರ್ ಹೇಳೋ ಮಾತಿಗೂ ಕಳ್ಳ ಹೇಳೋ ಮಾತಿಗೂ ವ್ಯತ್ಯಾಸ ಕಾಣೋದಿಲ್ಲ. ಎಲ್ಲ ಒಂದೇ ಗಾಜಿನ ಮೇಲೆ, ಒಂದೇ ಕನ್ನಡದಲ್ಲಿ ಬರುತ್ತೆ.

ಇನ್ನೊಂದು ಕಡೆಯೂ ಇದೆ. ಜಾಹೀರಾತಿನಿಂದಲೇ ಉಸಿರಾಡೋ ಸಣ್ಣ ಕನ್ನಡ ತಾಣಗಳಿವೆ. ಎಲ್ಲರೂ ತಡೆದರೆ ಅವರ ಅನ್ನ ಹೋಗುತ್ತೆ. ಅದಕ್ಕೇ ನನಗೆ ಬೇಕಾದ ಎರಡು ತಾಣಗಳಲ್ಲಿ ನಾನು ಬ್ಲಾಕರ್ ಆಫ್ ಮಾಡ್ತೀನಿ, ಒಂದಕ್ಕೆ ಚಂದಾ ಕಟ್ತೀನಿ. ಹಾಗೆ ಫೈರ್‌ಫಾಕ್ಸ್ ಕೂಡ ತಪಸ್ವಿಯಲ್ಲ. ತನ್ನಲ್ಲಿ ಗೂಗಲ್ ಹುಡುಕಾಟ ಇಟ್ಟಿದ್ದಕ್ಕೆ ಗೂಗಲ್ ಕೊಡೋ ದುಡ್ಡೇ ಮೊಝಿಲ್ಲಾದ ಬಹುಪಾಲು ಆದಾಯ. ಒಪೆರಾ, ಎಡ್ಜ್ ಎಲ್ಲ ತಮ್ಮ ಎಂಜಿನ್ ಬಿಟ್ಟು ಗೂಗಲ್ ಕಟ್ಟಿದ ಎಂಜಿನ್ನಿಗೇ ಬಂದಾಗಿದೆ. ಬಿಟ್ಟು ಹೋಗ್ತೀನಿ ಅನ್ನೋ ಧೈರ್ಯ ಇರೋದು ಹೋಗೋಕೆ ಇನ್ನೊಂದು ಮನೆ ಇರೋವರೆಗೆ ಮಾತ್ರ.

ಮುಂದಿನ ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೋದೆ. ಬುಕ್‌ಮಾರ್ಕು, ಪಾಸ್‌ವರ್ಡು ಎಲ್ಲ ಹೊಸ ಬ್ರೌಸರಿಗೆ ಬರೋಕೆ ಹತ್ತು ನಿಮಿಷ ಸಾಕಾಯ್ತು. ಅಪ್ಪನಿಗೆ ಹೊಸ ಚಿತ್ರ ರೂಢಿಯಾಗೋಕೆ ಹತ್ತು ದಿನ ಬೇಕಾಯ್ತು. ಧಾರಣೆಯ ಪುಟ ತೆರೆದು, "ಇದೆಂತದೋ, ಇಷ್ಟು ಖಾಲಿ ಇದೆ" ಅಂದ. ಆಮೇಲೆ ಕನ್ನಡಕ ಏರಿಸಿ ರಾಶಿ ಇಡಿಯ ರೇಟು ಗಟ್ಟಿಯಾಗಿ ಓದಿದ.

ಒಂದು ತಮಾಷೆ ಹೇಳಿ ಮುಗಿಸ್ತೀನಿ. ಯಾವ ಬ್ರೌಸರೇ ಆಗಲಿ ಸರ್ವರಿನ ಮುಂದೆ ನಿಂತಾಗ ತನ್ನ ‘ಯೂಸರ್ ಏಜೆಂಟ್’ ಹೆಸರು ಹೇಳಬೇಕು. ನೆಟ್‌ಸ್ಕೇಪ್ ಕಾಲದಲ್ಲಿ ಒಳ್ಳೇ ಪುಟಗಳು ಮೊಝಿಲ್ಲಾ ಅಂದವರಿಗಷ್ಟೇ ಸಿಗ್ತಿದ್ದವು, ಹಾಗಾಗಿ ಎಲ್ಲರೂ ಅದೇ ಹೆಸರು ಹೇಳೋಕೆ ಶುರು ಮಾಡಿದರು. ಇವತ್ತಿಗೂ ಕ್ರೋಮ್ ತನ್ನ ಪರಿಚಯ ಶುರು ಮಾಡೋದು ‘ಮೊಝಿಲ್ಲಾ/5.0’ ಅಂತಲೇ. ಹೆಸರು ಯಾರದ್ದಾದರೂ ಹೇಳಿಕೊಳ್ಳಲಿ ಬಿಡಿ. ಕೆಲಸ ಯಾರದ್ದು ಮಾಡ್ತಿದೆ ಅನ್ನೋದನ್ನ ಮಾತ್ರ ಆಗಾಗ ನೋಡ್ತಿರಿ. ಊರಿಗೆ ಹೋದಾಗ ಅಪ್ಪ-ಅಮ್ಮನ ಕಂಪ್ಯೂಟರಲ್ಲೂ ಒಂದ್ಸಲ ನೋಡಿ. ಕಡುಬು ಆಮೇಲೂ ತಿನ್ನಬಹುದು.