ದಿ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಹಳೆಯ ಮತ್ತು ಹೊಸ ಆಟಗಳು

ದಿ ಎಲ್ಡರ್ ಸ್ಕ್ರೋಲ್ಸ್ ಅಮೆರಿಕದ ಬೆಥೆಸ್ಡಾ ಸಂಸ್ಥೆಯು 1994ರಿಂದ ಹೊರತರುತ್ತಿರುವ ವಿಡಿಯೊ ಗೇಮ್‌ಗಳ ಸರಣಿ. ಇದು ರೋಲ್ ಪ್ಲೇಯಿಂಗ್ ಗೇಮ್ ಎಂಬ ಪ್ರಕಾರಕ್ಕೆ ಸೇರಿದೆ. ಬಯಲಾಟದಲ್ಲಿ ಕಲಾವಿದರು ವೇಷ ಕಟ್ಟಿ ಪಾತ್ರವೇ ಆಗಿಬಿಡುವಂತೆ ಈ ಪ್ರಕಾರದ ಆಟದಲ್ಲಿ ಆಟಗಾರರು ಒಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಆದರೆ ಇಲ್ಲಿ ಪ್ರಸಂಗವು ಪೂರ್ಣವಾಗಿ ಮೊದಲೇ ಗೊತ್ತಾಗಿರುವುದಿಲ್ಲ. ಯಾವ ಊರಿಗೆ ಹೋಗಬೇಕು, ಯಾರ ಪಕ್ಷ ವಹಿಸಬೇಕು, ಯಾವ ವಿದ್ಯೆ ಕಲಿಯಬೇಕು ಎಂಬುದನ್ನು ಆಟಗಾರರೇ ನಿರ್ಧರಿಸುತ್ತಾರೆ. ಸರಣಿಯ ಎಲ್ಲ ಮುಖ್ಯ ಆಟಗಳ ಕಥೆಯೂ ಟ್ಯಾಮ್ರಿಯೆಲ್ ಎಂಬ ಕಾಲ್ಪನಿಕ ಭೂಖಂಡದಲ್ಲಿ ನಡೆಯುತ್ತದೆ.

ಹಳೆಯ ಆಟಗಳಲ್ಲಿ ಆಟಗಾರರೇ ಮಾಡಬೇಕಾಗಿದ್ದ ಅನೇಕ ಕೆಲಸಗಳನ್ನು ಹೊಸ ಆಟಗಳು ತಾವೇ ವಹಿಸಿಕೊಂಡಿವೆ. ಇದರಿಂದ ಆಡುವವರ ಸಂಖ್ಯೆ ಬೆಳೆಯಿತು. ಅದರ ಜೊತೆಗೆ ಕೆಲವು ಗುಣಗಳು ಕಳೆದುಹೋದವು ಎಂಬ ಅಭಿಪ್ರಾಯವೂ ಇದೆ. ಸರಣಿಯ ಹಳತು ಹೊಸತುಗಳ ಚರ್ಚೆಯೆಲ್ಲ ಈ ಅಂಶದ ಸುತ್ತಲೇ ನಡೆಯುತ್ತದೆ.

ಮುಖ್ಯ ಆಟಗಳು

• ಅರೀನಾ (1994)
• ಡ್ಯಾಗರ್‌ಫಾಲ್ (1996)
• ಮಾರೊವಿಂಡ್ (2002)
• ಆಬ್ಲಿವಿಯನ್ (2006)
• ಸ್ಕೈರಿಮ್ (2011)

ಇವಲ್ಲದೆ ಬ್ಯಾಟಲ್‌ಸ್ಪೈರ್ (1997), ರೆಡ್‌ಗಾರ್ಡ್ (1998) ಮೊದಲಾದ ಉಪ ಆಟಗಳೂ, ಅನೇಕರು ಅಂತರ್ಜಾಲದ ಮೂಲಕ ಒಟ್ಟಿಗೆ ಆಡುವ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ (2014) ಎಂಬ ಆಟವೂ ಇವೆ. ಆರನೆಯ ಮುಖ್ಯ ಆಟವನ್ನು 2018ರಲ್ಲಿ ಘೋಷಿಸಲಾಯಿತು.

ಹಿನ್ನೆಲೆ

ಅರೀನಾ ಆಟವನ್ನು ಮೊದಲಿಗೆ ಮಲ್ಲರ ತಂಡವೊಂದು ಊರಿಂದ ಊರಿಗೆ ಹೋಗಿ ಕಣದಲ್ಲಿ ಕಾದಾಡುವ ಆಟವಾಗಿ ಯೋಜಿಸಲಾಗಿತ್ತು. ತಯಾರಿಕೆಯ ಹಂತದಲ್ಲಿ ಊರುಗಳು, ಗುಹೆಗಳು, ಉಪಕಥೆಗಳು ಸೇರುತ್ತ ಹೋಗಿ ಅದು ರೋಲ್ ಪ್ಲೇಯಿಂಗ್ ಗೇಮ್ ಆಯಿತು. ಕಣ ಎಂಬ ಅರ್ಥದ ಹೆಸರು ಮಾತ್ರ ಹಾಗೆಯೇ ಉಳಿಯಿತು. ವಿಜಯ್ ಲಕ್ಷ್ಮಣ್, ಟೆಡ್ ಪೀಟರ್ಸನ್ ಮತ್ತು ಜೂಲಿಯನ್ ಲಫೇ ಈ ಆಟದ ಪ್ರಮುಖ ರೂವಾರಿಗಳು. 1990ರ ದಶಕದ ಕೊನೆಯಲ್ಲಿ ಉಪ ಆಟಗಳು ನಿರೀಕ್ಷಿತ ಯಶಸ್ಸು ಕಾಣದೆ ಸಂಸ್ಥೆಯು ಆರ್ಥಿಕ ಸಂಕಷ್ಟಕ್ಕೆ ಸಿಲುಕಿತ್ತು. ಟಾಡ್ ಹೋವರ್ಡ್ ನೇತೃತ್ವದಲ್ಲಿ ಸಿದ್ಧವಾದ ಮಾರೊವಿಂಡ್ ಅದನ್ನು ಮತ್ತೆ ನೆಲೆಗೊಳಿಸಿತು. ಗಣಕಯಂತ್ರದ ಜೊತೆಗೆ ಎಕ್ಸ್‌ಬಾಕ್ಸ್‌ನಲ್ಲಿಯೂ ಬಂದದ್ದರಿಂದ ಈ ಆಟವು ಹೊಸ ಆಟಗಾರರನ್ನು ತಲುಪಿತು.

ಜಗತ್ತಿನ ವಿಸ್ತಾರ

ಹೊಸ ಆಟದ ಜಗತ್ತು ಹಳೆಯದಕ್ಕಿಂತ ದೊಡ್ಡದಾಗಿರುತ್ತದೆ ಎಂಬ ಸಾಮಾನ್ಯ ಊಹೆ ಈ ಸರಣಿಗೆ ಅನ್ವಯಿಸುವುದಿಲ್ಲ. ಡ್ಯಾಗರ್‌ಫಾಲ್‌ನ ಜಗತ್ತು ಒಂದೂವರೆ ಲಕ್ಷ ಚದರ ಕಿ.ಮೀ.ಗೂ ಹೆಚ್ಚು ವಿಸ್ತಾರವಾದುದೆಂದು ಹೇಳಲಾಗುತ್ತದೆ. ಕರ್ನಾಟಕ ರಾಜ್ಯದ ವಿಸ್ತೀರ್ಣ 1,91,791 ಚದರ ಕಿ.ಮೀ. ಎಂಬುದನ್ನು ನೆನೆದರೆ ಅದರ ಅಗಾಧತೆ ತಿಳಿಯುತ್ತದೆ. ಸ್ಕೈರಿಮ್‌ನ ಜಗತ್ತಾದರೋ 40 ಚದರ ಕಿ.ಮೀ. ಆಸುಪಾಸಿನದು.

ಈ ವ್ಯತ್ಯಾಸಕ್ಕೆ ಕಾರಣ ನಿರ್ಮಾಣದ ವಿಧಾನ. ಡ್ಯಾಗರ್‌ಫಾಲ್‌ನ ಸಾವಿರಾರು ಊರುಗಳನ್ನೂ ಗುಹೆಗಳನ್ನೂ ಬಹುಮಟ್ಟಿಗೆ ಗಣಕಯಂತ್ರವೇ ಸಿದ್ಧ ತುಣುಕುಗಳನ್ನು ಜೋಡಿಸಿ ರಚಿಸಿತು. ಆದ್ದರಿಂದ ಒಂದು ಊರು ಇನ್ನೊಂದರಂತೆಯೇ ಕಾಣುತ್ತಿತ್ತು. ಮಾರೊವಿಂಡ್‌ನಲ್ಲಿ ತಯಾರಕರು ಈ ವಿಧಾನವನ್ನು ಬದಿಗಿಟ್ಟು, ವಾರ್ಡೆನ್‌ಫೆಲ್ ಎಂಬ ಒಂದೇ ದ್ವೀಪವನ್ನು ಆರಿಸಿಕೊಂಡು, ಅಲ್ಲಿನ ಊರು, ಮನೆ, ವಸ್ತುಗಳನ್ನು ಕೈಯಿಂದಲೇ ಜೋಡಿಸಿದರು. ವಿಸ್ತಾರ ಕುಗ್ಗಿತು, ಪ್ರತಿ ಊರಿಗೂ ತನ್ನದೇ ಚಹರೆ ಬಂತು. ಮುಂದಿನ ಆಟಗಳೂ ಇದೇ ದಾರಿಯಲ್ಲಿ ನಡೆದವು.

ದಾರಿ ಹುಡುಕುವ ಬಗೆ

ಮಾರೊವಿಂಡ್‌ನಲ್ಲಿ ಆಟಗಾರರಿಗೆ ಒಪ್ಪಿಸಿದ ಕೆಲಸ ಎಲ್ಲಿದೆ ಎಂಬುದನ್ನು ಪರದೆಯ ಮೇಲಿನ ಗುರುತು ತೋರಿಸುವುದಿಲ್ಲ. ಊರಿನವರು ಬಾಯಲ್ಲಿ ದಾರಿ ಹೇಳುತ್ತಾರೆ. ಸೇತುವೆ ದಾಟಿ, ಕವಲಿನಲ್ಲಿ ಉತ್ತರಕ್ಕೆ ತಿರುಗಿ, ಬಂಡೆಯ ಹಿಂದೆ ನೋಡಬೇಕು ಎಂಬಂತಹ ಮಾತು ಆಟದೊಳಗಿನ ದಿನಚರಿಯಲ್ಲಿ ದಾಖಲಾಗುತ್ತದೆ. ಮೊಬೈಲ್ ನಕ್ಷೆಗಳು ಬರುವ ಮೊದಲು ಪರಸ್ಥಳದವರು ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರ ದೇವಸ್ಥಾನಕ್ಕೆ ಹೇಗೆ ಕೇಳುತ್ತ ಕೇಳುತ್ತ ಹೋಗುತ್ತಿದ್ದರೋ ಅದೇ ಬಗೆ. ಹೇಳಿದ ದಾರಿ ಕೆಲವೊಮ್ಮೆ ಅಸ್ಪಷ್ಟವಾಗಿದ್ದು, ಆಟಗಾರರು ಗಂಟೆಗಟ್ಟಲೆ ಅಲೆಯುವುದೂ ಉಂಟು. ದೂರದ ಊರಿಗೆ ಹೋಗಲು ದೋಣಿಯನ್ನಾಗಲಿ, ಸಿಲ್ಟ್ ಸ್ಟ್ರೈಡರ್ ಎಂಬ ದೈತ್ಯ ಕೀಟವನ್ನಾಗಲಿ ಬಾಡಿಗೆ ಕೊಟ್ಟು ಹತ್ತಬೇಕು.

ಆಬ್ಲಿವಿಯನ್‌ನಲ್ಲಿ ದಿಕ್ಸೂಚಿಯ ಮೇಲೆ ಗುರಿಯ ಗುರುತು ಕಾಣಿಸಿಕೊಂಡಿತು. ನಕ್ಷೆಯ ಮೇಲೆ ಊರನ್ನು ಆರಿಸಿದರೆ ಕ್ಷಣದಲ್ಲಿ ಅಲ್ಲಿಗೆ ತಲುಪುವ ಸೌಲಭ್ಯವನ್ನೂ ಕೊಡಲಾಯಿತು. ಸ್ಕೈರಿಮ್ ಈ ಎರಡನ್ನೂ ಉಳಿಸಿಕೊಂಡಿತು. ಅಲೆದಾಟ ತಪ್ಪಿತಾದರೂ, ದಾರಿಯನ್ನೂ ಸುತ್ತಲಿನ ನೆಲವನ್ನೂ ಗಮನಿಸಬೇಕಾದ ಅಗತ್ಯವೂ ತಪ್ಪಿತು.

ಪಾತ್ರದ ಬೆಳವಣಿಗೆ ಮತ್ತು ಕಾಳಗ

ಕತ್ತಿ ಬೀಸಿದಷ್ಟೂ ಕತ್ತಿವರಸೆ, ಮಂತ್ರ ಪ್ರಯೋಗಿಸಿದಷ್ಟೂ ಮಂತ್ರವಿದ್ಯೆ ಬೆಳೆಯುವ ಪದ್ಧತಿ ಡ್ಯಾಗರ್‌ಫಾಲ್‌ನಿಂದ ಆರಂಭವಾಯಿತು. ಅಭ್ಯಾಸದಿಂದ ವಿದ್ಯೆ ಎಂಬ ಈ ತತ್ತ್ವ ಇಂದಿಗೂ ಬದಲಾಗಿಲ್ಲ. ಬದಲಾದದ್ದು ಲೆಕ್ಕಾಚಾರ. ಡ್ಯಾಗರ್‌ಫಾಲ್‌ನಲ್ಲಿ 35 ಕೌಶಲಗಳಿದ್ದವು. ಮಾರೊವಿಂಡ್‌ನಲ್ಲಿ 27, ಆಬ್ಲಿವಿಯನ್‌ನಲ್ಲಿ 21, ಸ್ಕೈರಿಮ್‌ನಲ್ಲಿ 18 ಉಳಿದವು. ಶಕ್ತಿ, ಬುದ್ಧಿ, ಚುರುಕುತನ ಮೊದಲಾದ ಎಂಟು ಮೂಲಗುಣಗಳನ್ನು ಸ್ಕೈರಿಮ್ ಕೈಬಿಟ್ಟು ಆರೋಗ್ಯ, ಮಂತ್ರಬಲ, ದಮ್ಮು ಎಂಬ ಮೂರನ್ನಷ್ಟೇ ಇರಿಸಿಕೊಂಡಿತು. ಆರಂಭದಲ್ಲಿಯೇ ಯೋಧ, ಮಾಂತ್ರಿಕ, ಕಳ್ಳ ಮುಂತಾದ ವೃತ್ತಿಯನ್ನು ಆರಿಸುವ ಕ್ರಮವೂ ನಿಂತಿತು.

ಮಾರೊವಿಂಡ್‌ನ ಕಾಳಗದಲ್ಲಿ ಕತ್ತಿ ಎದುರಾಳಿಗೆ ತಗುಲಿದಂತೆ ಕಂಡರೂ, ಒಳಗೆ ನಡೆಯುವ ದಾಳದ ಲೆಕ್ಕದ ಪ್ರಕಾರ ಏಟು ವ್ಯರ್ಥವಾಗಬಹುದು. ಅನನುಭವಿ ಪಾತ್ರಕ್ಕೆ ಹೀಗೆ ಆಗುವುದೇ ಹೆಚ್ಚು. ಆಬ್ಲಿವಿಯನ್‌ನಿಂದೀಚೆಗೆ ತಗುಲಿದ ಏಟು ತಗುಲಿಯೇ ತೀರುತ್ತದೆ. ಆದರೆ ಆಬ್ಲಿವಿಯನ್ ಇನ್ನೊಂದು ಟೀಕೆಗೆ ಗುರಿಯಾಯಿತು. ಅಲ್ಲಿ ಆಟಗಾರರ ಮಟ್ಟ ಏರಿದಂತೆ ಶತ್ರುಗಳ ಮಟ್ಟವೂ ಏರುತ್ತದೆ. ದಾರಿಗಳ್ಳರು ಸಹ ಬೆಲೆಬಾಳುವ ಕವಚ ತೊಟ್ಟು ನಿಲ್ಲುತ್ತಾರೆ. ಬೆಳೆದರೂ ಬೆಳೆದ ಅನುಭವವಾಗುವುದಿಲ್ಲ ಎಂಬ ಈ ದೂರನ್ನು ಸ್ಕೈರಿಮ್ ಸ್ವಲ್ಪಮಟ್ಟಿಗೆ ಸರಿಪಡಿಸಿತು.

ಆಯ್ಕೆಯ ಪರಿಣಾಮ

ಮಾರೊವಿಂಡ್‌ನಲ್ಲಿ ಮುಖ್ಯ ಕಥೆಗೆ ಅಗತ್ಯವಾದ ವ್ಯಕ್ತಿಯನ್ನೂ ಕೊಲ್ಲಬಹುದು. ಕೊಂದರೆ ವಿಧಿಯ ಎಳೆ ಕಡಿದುಹೋಯಿತೆಂದು ಆಟವು ಎಚ್ಚರಿಸುತ್ತದೆ. ಆಟ ಮಾತ್ರ ನಿಲ್ಲುವುದಿಲ್ಲ. ಆಬ್ಲಿವಿಯನ್ ಮತ್ತು ಸ್ಕೈರಿಮ್‌ಗಳಲ್ಲಿ ಅಂಥ ವ್ಯಕ್ತಿಗಳು ಏಟು ತಿಂದು ಬಿದ್ದರೂ ಚೇತರಿಸಿಕೊಂಡು ಏಳುತ್ತಾರೆ. ಹೊಸ ಪದ್ಧತಿಯಲ್ಲಿ ಆಟ ಕೆಡುವ ಭಯವಿಲ್ಲ. ಹಳೆಯ ಪದ್ಧತಿಯಲ್ಲಿ ಮಾಡಿದ್ದಕ್ಕೆ ಹೊಣೆ ಹೊರಬೇಕಿತ್ತು.

ಓದು ಮತ್ತು ಭಾಷೆ

ಮಾರೊವಿಂಡ್‌ನಲ್ಲಿ ಸಂಭಾಷಣೆಯ ಬಹುಭಾಗ ಲಿಖಿತ ರೂಪದಲ್ಲಿದೆ. ಆಬ್ಲಿವಿಯನ್‌ನಲ್ಲಿ ಎಲ್ಲ ಮಾತುಗಳಿಗೂ ಧ್ವನಿ ಬಂತು. ಚಕ್ರವರ್ತಿಯ ಪಾತ್ರಕ್ಕೆ ಪ್ರಸಿದ್ಧ ನಟ ಪ್ಯಾಟ್ರಿಕ್ ಸ್ಟೂವರ್ಟ್ ದನಿಗೂಡಿಸಿದರು. ಧ್ವನಿಮುದ್ರಣ ಶ್ರಮದ ಕೆಲಸವಾದ್ದರಿಂದ ಪ್ರತಿ ಪಾತ್ರವೂ ಆಡುವ ಮಾತು ಚುಟುಕಾಯಿತು. ಆದರೂ ಆಟದೊಳಗಿನ ಕಪಾಟುಗಳಲ್ಲಿ ಓದಲು ಪುಸ್ತಕಗಳನ್ನಿಡುವ ಸಂಪ್ರದಾಯ ಮುಂದುವರಿದಿದೆ. ಕಲ್ಪಿತ ಭೂಖಂಡದ ಚರಿತ್ರೆ, ಕಥೆ, ಪದ್ಯ, ನಾಟಕಗಳು ಅವುಗಳಲ್ಲಿವೆ.

ಸರಣಿಯ ಮುಖ್ಯ ಆಟಗಳಲ್ಲಿ ಕನ್ನಡ ಭಾಷೆಯ ಆಯ್ಕೆ ಇಲ್ಲ. ಹೀಗಾಗಿ ಕನ್ನಡ ಮಾಧ್ಯಮದಲ್ಲಿ ಓದಿದವರು ಇವುಗಳನ್ನು ಇಂಗ್ಲಿಷಿನಲ್ಲಿಯೇ ಆಡಬೇಕಾಗುತ್ತದೆ. ಹೊಸ ಆಟಗಳಲ್ಲಿ ಮಾತು ಪೂರ್ತಿ ತಿಳಿಯದಿದ್ದರೂ ಗುರುತನ್ನು ಹಿಂಬಾಲಿಸಿ ಮುಂದುವರಿಯಬಹುದು. ಹಳೆಯ ಆಟಗಳಲ್ಲಿ ಓದಿ ಅರ್ಥಮಾಡಿಕೊಳ್ಳದೆ ಒಂದು ಹೆಜ್ಜೆಯೂ ಸಾಗದು. ಆದರೆ ಬರೆದ ಮಾತು ಪರದೆಯ ಮೇಲೆ ನಿಲ್ಲುವುದರಿಂದ ನಿಘಂಟು ನೋಡಿ ನಿಧಾನವಾಗಿ ಓದಲು ಅವಕಾಶವಿರುತ್ತದೆ.

ಹಳೆಯ ಆಟಗಳ ಉಳಿವು

ಸಂಸ್ಥೆಯು ಅರೀನಾವನ್ನು 2004ರಲ್ಲಿ, ಡ್ಯಾಗರ್‌ಫಾಲ್ ಅನ್ನು 2009ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿತು. ಮಾರೊವಿಂಡ್‌ನ ಗಣಕಯಂತ್ರದ ಆವೃತ್ತಿಯೊಡನೆ ಆಟವನ್ನು ತಿದ್ದುವ ಉಪಕರಣವನ್ನೂ ನೀಡಲಾಗಿತ್ತು. ಇದನ್ನು ಬಳಸಿ ಅಭಿಮಾನಿಗಳು ಹೊಸ ಊರು, ಹೊಸ ಕಥೆಗಳನ್ನು ಸೇರಿಸತೊಡಗಿದರು. ಮಾಡ್ ಎಂದು ಕರೆಯಲ್ಪಡುವ ಈ ಸೇರ್ಪಡೆಗಳು ಮುಂದಿನ ಆಟಗಳ ಆಯುಷ್ಯವನ್ನೂ ಹೆಚ್ಚಿಸಿವೆ. ಡ್ಯಾಗರ್‌ಫಾಲ್ ಯೂನಿಟಿ, ಓಪನ್‌ಎಮ್‌ಡಬ್ಲ್ಯು ಎಂಬ ಸ್ವಯಂಸೇವಕರ ಯೋಜನೆಗಳಿಂದಾಗಿ ಹಳೆಯ ಆಟಗಳು ಇಂದಿನ ಗಣಕಯಂತ್ರಗಳಲ್ಲಿಯೂ ಸರಾಗವಾಗಿ ನಡೆಯುತ್ತವೆ.

ಅಭಿಪ್ರಾಯಭೇದ

ಸ್ಕೈರಿಮ್ ಆರು ಕೋಟಿಗೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಗಿದೆಯೆಂದು 2023ರಲ್ಲಿ ಟಾಡ್ ಹೋವರ್ಡ್ ತಿಳಿಸಿದರು. ಸರಳೀಕರಣದಿಂದ ಆಳ ಕಡಿಮೆಯಾಯಿತೆಂಬುದು ಹಳೆಯ ಆಟಗಳ ಅಭಿಮಾನಿಗಳ ವಾದ. ಅನಗತ್ಯ ಲೆಕ್ಕ ತೊಲಗಿ ಅನ್ವೇಷಣೆಗೆ ಬಿಡುವು ಸಿಕ್ಕಿತೆಂಬುದು ಹೊಸಬರ ವಾದ. 2025ರ ಏಪ್ರಿಲ್‌ನಲ್ಲಿ ಬಂದ ಆಬ್ಲಿವಿಯನ್‌ನ ನವೀಕೃತ ಆವೃತ್ತಿಯು ಚಿತ್ರಗಳನ್ನು ಹೊಸದಾಗಿಸಿತು. ಬೆಳವಣಿಗೆಯ ಪದ್ಧತಿಯಲ್ಲಿ ಆಬ್ಲಿವಿಯನ್ ಮತ್ತು ಸ್ಕೈರಿಮ್ ಎರಡರ ಅಂಶಗಳನ್ನೂ ಬೆರೆಸಿತು. ಮೂಲಕಥೆಯನ್ನೂ ಜಗತ್ತನ್ನೂ ಇದ್ದಂತೆಯೇ ಬಿಟ್ಟಿತು.