ಕ್ಲೌಡ್ ನಿಂತಿರುವುದು ಯಾರ ಕೆಲಸದ ಮೇಲೆ?

ಫೋನಿನಲ್ಲಿ ಜಾಗ ಮುಗಿದಾಗ ನಾವೆಲ್ಲ ಮದುವೆ ಫೋಟೋ, ಮಕ್ಕಳ ವಿಡಿಯೋಗಳನ್ನು ಕ್ಲೌಡ್‌ಗೆ ಹಾಕುತ್ತೇವೆ. ಹೆಸರು ಮೋಡ ಎಂದಿದ್ದರೂ ಅದು ಇರುವುದು ನೆಲದ ಮೇಲೆಯೇ. ಗೋದಾಮಿನಂಥ ದೊಡ್ಡ ಕಟ್ಟಡಗಳು, ಒಳಗೆ ಸಾಲುಸಾಲು ಕಂಪ್ಯೂಟರ್‌ಗಳು, ಅವುಗಳನ್ನು ತಂಪಾಗಿಡುವ ಯಂತ್ರಗಳು. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್‌ನಂಥ ಕಂಪನಿಗಳು ಅದರ ಒಡೆಯರು. ನಾವು ಬಾಡಿಗೆದಾರರು.

ಕಟ್ಟಡ, ಯಂತ್ರ ಕಂಪನಿಗಳದ್ದು, ನಿಜ. ಆದರೆ ಆ ಕಂಪ್ಯೂಟರ್‌ಗಳ ಒಳಗೆ ಓಡುವ ತಂತ್ರಾಂಶದ ತಳಪಾಯ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಅದನ್ನು ಬರೆದವರು ಜಗತ್ತಿನ ಸಾವಿರಾರು ಜನ. ಅವರಲ್ಲಿ ಹಲವರು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಬರೆದವರು. ಇದು ಹೇಗಾಯಿತು, ಆಮೇಲೆ ಯಾಕೆ ಜಗಳ ಬಂತು ಎಂಬುದನ್ನು ಇಲ್ಲಿ ನೋಡೋಣ.

ಒಂದು ಷರತ್ತಿನಿಂದ ಶುರು

ಯಾವುದೇ ತಂತ್ರಾಂಶಕ್ಕೂ ಒಂದು ಮೂಲ ಬರಹ ಇರುತ್ತದೆ. ಅದಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ತಂತ್ರಾಂಶವನ್ನು ಅಡುಗೆ ಎಂದುಕೊಂಡರೆ ಸೋರ್ಸ್ ಕೋಡ್ ಅದನ್ನು ಮಾಡುವ ವಿಧಾನ. ಹೆಚ್ಚಿನ ಕಂಪನಿಗಳು ಅಡುಗೆ ಮಾರುತ್ತವೆ, ವಿಧಾನ ಬಚ್ಚಿಡುತ್ತವೆ.

ಅಮೆರಿಕದ ಎಂಐಟಿ ಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಇದನ್ನು ಒಪ್ಪಲಿಲ್ಲ. 1983ರಲ್ಲಿ ಅವರು ಗ್ನೂ ಎಂಬ ಯೋಜನೆ ಘೋಷಿಸಿದರು. 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸ್ ಬರೆದರು. ಅದರ ಸಾರ ಇಷ್ಟೇ: ಈ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಿ. ಆದರೆ ಬದಲಿಸಿದ್ದನ್ನು ಬೇರೆಯವರಿಗೆ ಕೊಡುವಾಗ ಅದರ ಸೋರ್ಸ್ ಕೋಡನ್ನೂ ಕೊಡಬೇಕು.

1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಒಂದು ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು ಬರೆದರು. ಅದೇ ಲಿನಕ್ಸ್. ಮರುವರ್ಷ ಅದನ್ನು ಜಿಪಿಎಲ್ ಅಡಿಯಲ್ಲಿ ತಂದರು. ನಮ್ಮ ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಈ ಲಿನಕ್ಸೇ.

ಗಂಟೆಗೆ ಹತ್ತು ಸೆಂಟ್ ಬಾಡಿಗೆ

2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಝೆನ್ ಎಂಬ ಮುಕ್ತ ತಂತ್ರಾಂಶ ಹೊರತಂದರು. ಒಂದು ದೊಡ್ಡ ಮನೆಯನ್ನು ಗೋಡೆ ಹಾಕಿ ನಾಲ್ಕು ಸಂಸಾರಗಳಿಗೆ ಬಾಡಿಗೆ ಕೊಡುವಂತೆ, ಇದು ಒಂದೇ ಕಂಪ್ಯೂಟರನ್ನು ಹಲವು ಕಂಪ್ಯೂಟರ್‌ಗಳಂತೆ ಪಾಲು ಮಾಡುತ್ತದೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುವುದಿಲ್ಲ.

2006ರ ಆಗಸ್ಟ್‌ನಲ್ಲಿ ಅಮೆಜಾನ್ ಇದೇ ಝೆನ್ ಮತ್ತು ಲಿನಕ್ಸ್ ಬಳಸಿ ಇಸಿ2 ಎಂಬ ಸೇವೆ ಶುರು ಮಾಡಿತು. ಒಂದು ಸಣ್ಣ ಕಂಪ್ಯೂಟರ್‌ನ ಬಾಡಿಗೆ ಗಂಟೆಗೆ 10 ಸೆಂಟ್. ಇಂದಿನ ಕ್ಲೌಡ್ ವ್ಯಾಪಾರ ಬೆಳೆದದ್ದು ಇಲ್ಲಿಂದಲೇ.

ಮುಕ್ತ ತಂತ್ರಾಂಶ ಇಲ್ಲಿ ಯಾಕೆ ಬೇಕಾಯಿತು ಎಂಬುದು ಗಮನಿಸಬೇಕಾದ ವಿಷಯ. ಪ್ರತಿ ಯಂತ್ರಕ್ಕೂ ಲೈಸೆನ್ಸ್ ಹಣ ಕಟ್ಟಬೇಕಾದ ತಂತ್ರಾಂಶವಿದ್ದರೆ, ಒಂದು ಗಂಟೆಗೆ ಸಾವಿರ ಯಂತ್ರ ಶುರು ಮಾಡಿ ಮುಂದಿನ ಗಂಟೆ ನಿಲ್ಲಿಸುವ ವ್ಯಾಪಾರದ ಲೆಕ್ಕವೇ ಕೂಡುವುದು ಕಷ್ಟ. ಲಿನಕ್ಸ್‌ಗೆ ಆ ಹಣ ಕಟ್ಟಬೇಕಿಲ್ಲ. ಎಷ್ಟು ಪ್ರತಿ ಬೇಕಾದರೂ ಮಾಡಿಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ.

ಮೈಕ್ರೋಸಾಫ್ಟ್ ಕೂಡ ಕೊನೆಗೆ ಇದೇ ದಾರಿಗೆ ಬಂತು. 2001ರಲ್ಲಿ ಅದರ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದ್ದರು. 2014ರಲ್ಲಿ ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಆ ಕುರ್ಚಿಗೆ ಬಂದರು. ಅದೇ ವರ್ಷ ಅವರು ಮೈಕ್ರೋಸಾಫ್ಟ್ ಲಿನಕ್ಸನ್ನು ಪ್ರೀತಿಸುತ್ತದೆ ಎಂದು ವೇದಿಕೆಯಲ್ಲೇ ಸಾರಿದರು. ಕ್ಲೌಡ್ ಗಿರಾಕಿಗಳು ಲಿನಕ್ಸ್ ಕೇಳುತ್ತಿದ್ದರು, ಕೊಡದಿದ್ದರೆ ಬೇರೆ ಅಂಗಡಿಗೆ ಹೋಗುತ್ತಿದ್ದರು.

ಷರತ್ತಿನಲ್ಲಿ ಇದ್ದ ಕಂಡಿ

ಜಿಪಿಎಲ್ ಏನು ಹೇಳಿತ್ತು? ತಂತ್ರಾಂಶವನ್ನು ಬೇರೆಯವರಿಗೆ ಕೊಡುವಾಗ ಸೋರ್ಸ್ ಕೋಡ್ ಕೊಡಬೇಕು ಎಂದು. ಅದನ್ನು ಬರೆದ ಕಾಲದಲ್ಲಿ ತಂತ್ರಾಂಶ ಟೇಪು, ಫ್ಲಾಪಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು.

ಕ್ಲೌಡ್‌ನಲ್ಲಿ ತಂತ್ರಾಂಶ ನಮ್ಮ ಕೈಗೆ ಬರುವುದೇ ಇಲ್ಲ. ಅದು ಕಂಪನಿಯ ಯಂತ್ರದಲ್ಲೇ ಓಡುತ್ತದೆ, ನಮಗೆ ಫಲಿತಾಂಶ ಮಾತ್ರ ಬರುತ್ತದೆ. ಹೋಟೆಲಿನಲ್ಲಿ ಇಡ್ಲಿ ತಿನ್ನುವವನಿಗೆ ಅಡುಗೆಮನೆ ಕಾಣದಂತೆ. ಹಾಗಾಗಿ ತಂತ್ರಾಂಶವನ್ನು ಬೇಕಾದಂತೆ ತಿದ್ದಿ, ಸೇವೆಯಾಗಿ ಮಾರಿ, ತಿದ್ದಿದ್ದನ್ನು ಯಾರಿಗೂ ತೋರಿಸದೇ ಇರಬಹುದು. ಷರತ್ತು ಮುರಿದಂತೆ ಆಗುವುದಿಲ್ಲ.

ಈ ಕಂಡಿ ಮುಚ್ಚಲು 2007ರಲ್ಲಿ ಎಜಿಪಿಎಲ್ ಎಂಬ ಲೈಸೆನ್ಸ್ ಬಂತು. ತಿದ್ದಿದ ತಂತ್ರಾಂಶವನ್ನು ನೆಟ್ ಮೂಲಕ ಬಳಸಲು ಕೊಟ್ಟರೂ ಸೋರ್ಸ್ ಕೋಡ್ ಕೊಡಬೇಕು ಎಂಬುದು ಅದರ ಮಾತು. ಆದರೆ ಅಷ್ಟರಲ್ಲಿ ಕ್ಲೌಡ್ ವ್ಯಾಪಾರ ಓಟ ಕಿತ್ತಾಗಿತ್ತು. ಜೊತೆಗೆ, ಹೀಗೆ ಯಾವ ಬಿಗಿಯೂ ಇಲ್ಲದ ಅಪಾಚೆಯಂಥ ಸಡಿಲ ಲೈಸೆನ್ಸ್‌ಗಳನ್ನೇ ಅನೇಕರು ಆರಿಸಿಕೊಂಡಿದ್ದರು.

ಹೆಂಡತಿಯ ಅಡುಗೆಗೆಂದು ಬರೆದದ್ದು

ಇಸ್ರೇಲಿನ ಶಾಯ್ ಬ್ಯಾನನ್ ಅವರ ಹೆಂಡತಿ ಲಂಡನ್ನಿನಲ್ಲಿ ಅಡುಗೆ ಕಲಿಯುತ್ತಿದ್ದರು. ಅವರ ಅಡುಗೆ ವಿಧಾನಗಳಲ್ಲಿ ಬೇಕಾದ್ದನ್ನು ಹುಡುಕಿಕೊಡುವ ಒಂದು ತಂತ್ರಾಂಶ ಬರೆಯಲು ಬ್ಯಾನನ್ ಕುಳಿತರು. ಅದು ಬೆಳೆದು 2010ರಲ್ಲಿ ಇಲಾಸ್ಟಿಕ್‌ಸರ್ಚ್ ಆಯಿತು. ಅವರು ಅದನ್ನು ಅಪಾಚೆ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 2012ರಲ್ಲಿ ಅದರ ಸುತ್ತ ಒಂದು ಕಂಪನಿ ಕಟ್ಟಿದರು.

2015ರಲ್ಲಿ ಅಮೆಜಾನ್ ಅದೇ ತಂತ್ರಾಂಶವನ್ನು, ಅದೇ ಹೆಸರಿಟ್ಟು, ತನ್ನ ಕ್ಲೌಡ್‌ನಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿತು. ಹೆಸರಿನ ಬಳಕೆ ಬಗ್ಗೆ ಕೋರ್ಟಿಗೆ ಹೋಗಬೇಕಾಯಿತು. 2021ರ ಜನವರಿಯಲ್ಲಿ ಬ್ಯಾನನ್ ಅವರ ಕಂಪನಿ ಲೈಸೆನ್ಸನ್ನೇ ಬದಲಿಸಿತು. ಇನ್ನು ಮುಂದೆ ನಮ್ಮ ತಂತ್ರಾಂಶವನ್ನು ಯಾರೂ ಸುಮ್ಮನೆ ಸೇವೆಯಾಗಿ ಮಾರುವಂತಿಲ್ಲ ಎಂದಿತು. ಅಮೆಜಾನ್ ಹಳೆಯ ಲೈಸೆನ್ಸಿನ ಕೊನೆಯ ಪ್ರತಿ ತೆಗೆದುಕೊಂಡು ಓಪನ್‌ಸರ್ಚ್ ಎಂಬ ಬೇರೆ ಕವಲು ಮಾಡಿತು. ಮನೆ ಎರಡಾಯಿತು.

ಯಾರದು ತಪ್ಪು? ಅಮೆಜಾನ್ ಮಾಡಿದ್ದಕ್ಕೆ ಲೈಸೆನ್ಸ್ ಅವಕಾಶ ಕೊಟ್ಟಿತ್ತು. ಇನ್ನೊಂದು ಕಡೆ, ದುಡಿದವರಿಗಿಂತ ಬಾಡಿಗೆಗೆ ಬಿಟ್ಟವರಿಗೇ ಲಾಭ ಹೋಗುತ್ತಿದೆ ಎಂಬ ಸಂಕಟವೂ ಸುಳ್ಳಲ್ಲ. ಇವರಿಬ್ಬರ ನಡುವೆ ಮೂರನೆಯವರೂ ಇದ್ದರು: ಇದು ಎಲ್ಲರ ಸ್ವತ್ತು ಎಂದು ನಂಬಿ ವರ್ಷಗಟ್ಟಲೆ ಪುಕ್ಕಟೆ ಕೋಡ್ ಬರೆದುಕೊಟ್ಟ ಹೊರಗಿನವರು. ಷರತ್ತು ಬದಲಾದಾಗ ಅವರ ಮಾತು ನಡೆಯಲಿಲ್ಲ.

ಇದೊಂದೇ ಅಲ್ಲ. ಮೊಂಗೋಡಿಬಿ 2018ರಲ್ಲಿ, ರೆಡಿಸ್ 2024ರಲ್ಲಿ ಹೀಗೆಯೇ ಲೈಸೆನ್ಸ್ ಬಿಗಿ ಮಾಡಿದವು. ರೆಡಿಸ್ ಬದಲಾದ ಕೆಲವೇ ದಿನಗಳಲ್ಲಿ ಅದರ ಹಳೆಯ ಕೆಲಸಗಾರರು ವಾಲ್ಕಿ ಎಂಬ ಕವಲು ತೆಗೆದರು. ಕೊನೆಗೆ ಇಲಾಸ್ಟಿಕ್‌ಸರ್ಚ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಅನ್ನೂ ಸೇರಿಸಿ ಮುಕ್ತ ತಂತ್ರಾಂಶದ ಕಡೆಗೆ ಮರಳಿದವು. 2007ರಲ್ಲಿ ಬರೆದ ಷರತ್ತು ಹದಿನೇಳು ವರ್ಷಗಳ ಮೇಲೆ ಅವರ ಕೆಲಸಕ್ಕೆ ಬಂತು.

ಹೂಳು ಎತ್ತುವವರು ಯಾರು?

ಜಗಳವಾಡಲು ಕಂಪನಿಗಳಿಗೆ ವಕೀಲರಿದ್ದಾರೆ. ಹಿಂದೆ ಯಾವ ಕಂಪನಿಯೂ ಇಲ್ಲದ ಸಣ್ಣ ತಂತ್ರಾಂಶಗಳ ಸ್ಥಿತಿ ಬೇರೆ.

ನೆಟ್‌ನಲ್ಲಿ ನಾವು ಕಳಿಸುವ ಪಾಸ್‌ವರ್ಡ್, ಬ್ಯಾಂಕ್ ವಿವರಗಳಿಗೆ ಬೀಗ ಹಾಕುವ ಓಪನ್ಎಸ್ಎಸ್ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ದೊಡ್ಡ ದೋಷ ಸಿಕ್ಕಿತು. ಅದಕ್ಕೆ ಹಾರ್ಟ್‌ಬ್ಲೀಡ್ ಎಂಬ ಹೆಸರು ಬಂತು. ಆಗ ಹೊರಬಿದ್ದ ಸಂಗತಿ: ಲೋಕವೆಲ್ಲ ಬಳಸುತ್ತಿದ್ದ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ, ಅವರಿಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್. ನಾಚಿಕೆಯಾದ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಒಂದು ನಿಧಿ ಮಾಡಿದವು.

ಹತ್ತು ವರ್ಷ ಕಳೆದ ಮೇಲೆ, 2024ರ ಮಾರ್ಚ್‌ನಲ್ಲಿ, ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದು ಪತ್ತೆಯಾಯಿತು. ಅದನ್ನು ಬಿಡುವಿನ ವೇಳೆಯಲ್ಲಿ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ಸಹಾಯ ಮಾಡುವ ನೆಪದಲ್ಲಿ ಬಂದವನು ಎರಡು ವರ್ಷ ನಂಬಿಕೆ ಗಳಿಸಿ ಆ ಕೆಲಸ ಮಾಡಿದ್ದ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಮ್ಮ ಕಂಪ್ಯೂಟರ್ ಲಾಗಿನ್‌ಗೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ್ದರಿಂದ ಅದು ಸಿಕ್ಕಿತು. ಇಲ್ಲದಿದ್ದರೆ ಲೆಕ್ಕವಿಲ್ಲದಷ್ಟು ಲಿನಕ್ಸ್ ಯಂತ್ರಗಳ ಬೀಗದ ಕೈ ಅಪರಿಚಿತನ ಜೇಬಿನಲ್ಲಿರುತ್ತಿತ್ತು.

ಊರಿನ ಕೆರೆ ನೋಡಿದವರಿಗೆ ಇದು ಹೊಸ ವಿಷಯವಲ್ಲ. ನೀರಿಗೆ ಎಲ್ಲರೂ ಬರುತ್ತಾರೆ. ಹೂಳೆತ್ತುವ ದಿನ ಬರುವವರು ಕಡಿಮೆ. ದೊಡ್ಡ ಪಂಪು ಇಟ್ಟವರೂ ಬಾರದಿದ್ದರೆ ಕೆರೆ ಉಳಿಯುವುದಿಲ್ಲ.

ನಮಗೇನು?

2015ರಲ್ಲಿ ಕೇಂದ್ರ ಸರ್ಕಾರ ತನ್ನ ಇ-ಆಡಳಿತ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ತಂದಿತು. ಮೇಘರಾಜ್ ಹೆಸರಿನಲ್ಲಿ ಸರ್ಕಾರಕ್ಕೆ ತನ್ನದೇ ಕ್ಲೌಡ್ ಯೋಜನೆಯೂ ಇದೆ. ಜನರ ದಾಖಲೆಗಳು ಒಂದೊಂದಾಗಿ ಇಂಥ ಯಂತ್ರಗಳಿಗೆ ಹೋಗುತ್ತಿವೆ.

ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಒಂದು, ನಮ್ಮ ದಾಖಲೆ ಇಟ್ಟಿರುವ ತಂತ್ರಾಂಶವನ್ನು ನಾಳೆ ಬಾಡಿಗೆ ಹೆಚ್ಚಾದರೆ ಇನ್ನೊಂದು ಕಡೆಗೆ ಒಯ್ಯಬಹುದೇ? ಮುಕ್ತ ತಂತ್ರಾಂಶವಾದರೆ ಒಯ್ಯುವ ದಾರಿ ಇರುತ್ತದೆ. ಓಪನ್‌ಸರ್ಚ್, ವಾಲ್ಕಿ ಹುಟ್ಟಿದ್ದೇ ಆ ಹಕ್ಕಿನಿಂದ. ಎರಡು, ಪುಕ್ಕಟೆ ಸಿಕ್ಕ ತಂತ್ರಾಂಶಕ್ಕೆ ಸರ್ಕಾರವಾಗಲಿ ಕಂಪನಿಯಾಗಲಿ ತಿರುಗಿ ಏನು ಕೊಟ್ಟಿದೆ? ಹಣವೋ, ತಿದ್ದಿದ ಕೋಡೋ, ಕನಿಷ್ಠ ಒಬ್ಬ ಎಂಜಿನಿಯರ್‌ನ ಸಮಯವೋ?

2024ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಓಪನ್‌ಸರ್ಚ್ ಅನ್ನು ಲಿನಕ್ಸ್ ಫೌಂಡೇಶನ್‌ಗೆ ಒಪ್ಪಿಸಿತು. ವಾಲ್ಕಿ ಇರುವುದೂ ಅಲ್ಲಿಯೇ. ಒಬ್ಬರ ಹೆಸರಿನಲ್ಲಿದ್ದರೆ ಬೇರೆಯವರು ನಂಬಿ ದುಡಿಯುವುದಿಲ್ಲ ಎಂಬುದು ದೊಡ್ಡವರಿಗೂ ಅರ್ಥವಾದಂತಿದೆ. ಲಿನಕ್ಸ್‌ನಲ್ಲಿ ದುಡಿದವರಿಗೆ ಇದು ಮೂವತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು.