ಹಡಪದಿಂದ ಅಂಗಡಿಗೆ

ಹಡಪವೆಂಬುದು ಹಳೆಯ ಮಾತು. ಎಲೆಯಡಿಕೆಯ ಚೀಲಕ್ಕೂ ಅದೇ ಹೆಸರು. ಕ್ಷೌರಿಕನು ಕತ್ತಿ, ಕತ್ತರಿ, ಸಾಣೆಕಲ್ಲುಗಳನ್ನು ಇಟ್ಟುಕೊಳ್ಳುವ ಚೀಲಕ್ಕೂ ಅದೇ ಹೆಸರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಬಳಿಯಿದ್ದ ಹಡಪದ ಅಪ್ಪಣ್ಣನವರು ಹಿಡಿದುದು ಮೊದಲನೆಯ ಬಗೆಯದು. ಅವರನ್ನು ತಮ್ಮ ಹಿರಿಯರೆಂದು ನೆನೆಯುವ ಹಡಪದ ಸಮಾಜದವರು ತಲೆತಲಾಂತರದಿಂದ ಹೆಗಲಿಗೆ ಹಾಕಿಕೊಂಡು ಬಂದುದು ಎರಡನೆಯ ಬಗೆಯದು. ಈ ಚೀಲವು ಮನೆಯಿಂದ ಮನೆಗೆ ತಿರುಗುವುದನ್ನು ಬಿಟ್ಟು ಒಂದು ಗೋಡೆಯ ಗೂಟಕ್ಕೆ ಹೇಗೆ ಬಂದಿತು, ಆ ಗೋಡೆ ಕೊನೆಗೆ ಯಾರದಾಯಿತು, ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸರಂತೆ ಕ್ಷೌರಿಕನೂ ಆಯಗಾರರಲ್ಲಿ ಒಬ್ಬನು. ಅವನ ಕೆಲಸಕ್ಕೆ ಆಗಿಂದಾಗ ರೊಕ್ಕ ಕೊಡುವ ರೂಢಿಯಿರಲಿಲ್ಲ. ವರ್ಷವಿಡೀ ಕೆಲಸ ಮಾಡಿ, ರಾಶಿಯಾದಾಗ ಕಣಕ್ಕೆ ಹೋಗಿ ಜೋಳದ ಆಯವನ್ನು ತರಬೇಕು. ಯಾವ ಮನೆಗಳು ಯಾರ ಪಾಲಿಗೆ ಎಂಬುದು ಮೊದಲೇ ಹಂಚಿಹೋಗಿರುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಮನೆಗಳಂತೆ ಕೆಲಸದ ಮನೆಗಳೂ ಪಾಲಾಗುತ್ತಿದ್ದವು. ಮಳೆ ಹೋದ ವರ್ಷ ಆಯವೂ ಹೋಯಿತು. ಆದರೂ ಹೊಟ್ಟೆಗೆ ಒಂದು ನೆಲೆಯಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಇರಲಿಲ್ಲವಾದದ್ದು ಬಿಟ್ಟುಹೋಗುವ ದಾರಿ. ಒಕ್ಕಲಿಗನು ಕ್ಷೌರಿಕನನ್ನು ಬದಲಿಸುವಂತಿಲ್ಲ. ಕ್ಷೌರಿಕನು ಒಕ್ಕಲನ್ನು ಬಿಡುವಂತಿಲ್ಲ. ಊರಿನ ಪ್ರಮುಖರು ಯಾರನ್ನು ಮುಟ್ಟಬಾರದೆಂದು ವಿಧಿಸಿದ್ದರೋ ಅವರ ತಲೆಗೆ ಈತನ ಕತ್ತರಿ ತಾಗುವಂತೆಯೂ ಇರಲಿಲ್ಲ. ಕಟ್ಟಳೆ ಊರಿನದು, ಅದನ್ನು ನಡೆಸಿದ ಕೈ ಮಾತ್ರ ಕ್ಷೌರಿಕನದು.

ಈ ಕೈಗೆ ಒಮ್ಮೆ ಅರಸೊತ್ತಿಗೆಯೇ ಮಣಿದುದುಂಟು. ಬಾದಾಮಿಯ ಕ್ಷೌರಿಕನಾದ ಕೊಂಡೋಜನ ಸಂಗತಿ ಹದಿನಾರನೆಯ ಶತಮಾನದ ಶಾಸನಗಳಲ್ಲಿ ಬಂದಿದೆ. ವಿಜಯನಗರದಲ್ಲಿ ಸದಾಶಿವರಾಯನ ಹೆಸರಿನಲ್ಲಿ ಅಳಿಯ ರಾಮರಾಯನು ರಾಜ್ಯವನ್ನು ನಡೆಸುತ್ತಿದ್ದ ಕಾಲವದು. ಕೊಂಡೋಜನ ಕೆಲಸಕ್ಕೆ ರಾಮರಾಯನು ಮೆಚ್ಚಿದನು. ಮೆಚ್ಚಿದ ದೊರೆಯಿಂದ ಒಂದು ಊರನ್ನೋ ಒಂದು ಹೊಲವನ್ನೋ ಬೇಡಿಕೊಳ್ಳುವುದು ಲೋಕರೂಢಿ. ಆದರೆ 1540ರ ದಶಕದ ಈ ಶಾಸನಗಳು ಹೇಳುವುದು ಬೇರೆ: ಕ್ಷೌರಿಕರ ಮೇಲಿನ ತೆರಿಗೆಗಳನ್ನು ಬಿಡಲಾಯಿತು, ಬಿಟ್ಟಿ ದುಡಿಮೆಯನ್ನೂ ಮಹಾನವಮಿಯ ಪಂಜಿನ ಹೊರೆಯನ್ನೂ ಬಿಡಲಾಯಿತು. ಬಾದಾಮಿಯಲ್ಲಿಯೂ ದೂರದ ಚಿತ್ರದುರ್ಗದ ಸೀಮೆಯಲ್ಲಿಯೂ ಇದನ್ನು ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದ್ದಾರೆ. ಒಬ್ಬನ ಕೈಗುಣಕ್ಕೆ ಸಂದ ಫಲ ಕಸುಬಿನವರೆಲ್ಲರಿಗೂ ಸಂದಿತೆಂಬುದು ನನಗೆ ಈ ಶಾಸನಗಳಲ್ಲಿ ಬಹಳ ಹಿಡಿಸಿದ ಮಾತು. 1565ರಲ್ಲಿ ರಾಮರಾಯನು ಯುದ್ಧದಲ್ಲಿ ಮಡಿದನು, ರಾಜಧಾನಿ ಹಾಳಾಯಿತು. ದೊರೆಯ ಕೃಪೆ ದೊರೆಯಿರುವ ತನಕ. ಹಳ್ಳಿಯ ಆಯ ಮಾತ್ರ ಮತ್ತೆ ಮೂರು ಶತಮಾನ ನಡೆದು ಬಂದಿತು.

ಕಟ್ಟಳೆಗೆ ಕೈಯೇ ಎದುರು ನಿಂತ ಸಂದರ್ಭವೊಂದು ಮುಂಬಯಿಯಲ್ಲಿ ನಡೆಯಿತು. ವಿಧವೆಯರ ತಲೆಯನ್ನು ಇನ್ನು ಬೋಳಿಸುವುದಿಲ್ಲವೆಂದು 1890ರ ಸುಮಾರಿಗೆ ಅಲ್ಲಿಯ ಕ್ಷೌರಿಕರು ಕೂಡಿ ನಿರ್ಧರಿಸಿದರು. ಕಾರ್ಮಿಕರ ಮುಖಂಡ ನಾರಾಯಣ ಮೇಘಾಜಿ ಲೋಖಂಡೆಯವರು ಅವರ ಬೆನ್ನಿಗಿದ್ದರು. ಆಗ ಧಾರವಾಡ ಜಿಲ್ಲೆಯೂ ಮುಂಬಯಿ ಇಲಾಖೆಗೇ ಸೇರಿತ್ತು. ಇಂಥ ನಿರ್ಧಾರ ನಗರದಲ್ಲಿ ಹುಟ್ಟಿದ್ದು ಸಹಜ. ಕಣದ ಜೋಳವನ್ನು ನೆಚ್ಚಿದವನಿಗೆ ಹೀಗೆ ಒಲ್ಲೆನೆನ್ನುವುದು ಬಹಳ ಕಷ್ಟವಿತ್ತು.

ನಮ್ಮ ಕಡೆ ನಗರವನ್ನು ತಂದದ್ದು ರೇಲ್ವೆ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೇಲ್ವೆಯ ಹಳಿ ಹುಬ್ಬಳ್ಳಿಗೆ ಬಂದಿತು. ಬೆನ್ನಹಿಂದೆಯೇ ಅದರ ದೊಡ್ಡ ಕಾರಖಾನೆಯೂ ಬಂದಿತು. ಅಲ್ಲಿ ದುಡಿಯಲು ನಾನಾ ಕಡೆಯಿಂದ ಬಂದವನಿಗೆ ಈ ಊರಿನಲ್ಲಿ ಮನೆತನದ ಕ್ಷೌರಿಕನಿಲ್ಲ, ಆಯ ಕೊಡಲು ಕಣವೂ ಇಲ್ಲ. ಇರುವುದು ತಿಂಗಳ ಸಂಬಳ ಮತ್ತು ವಾರದ ರಜೆ. ಅವನಿಗೆ ಬೇಕಾದುದು ತಾನೇ ಹೋಗಿ ಕೂತು, ರೊಕ್ಕ ಕೊಟ್ಟು, ಎದ್ದು ಬರುವ ಒಂದು ಸ್ಥಳ. ಧಾರವಾಡದ ಕಥೆ ತುಸು ಬೇರೆ. ಅಲ್ಲಿ ಕಚೇರಿಗಳು, ಶಾಲೆಗಳು; 1917ರಲ್ಲಿ ಕರ್ನಾಟಕ ಕಾಲೇಜು. ಜುಟ್ಟು ಬಿಟ್ಟು ಬಂದ ಹುಡುಗ ಕ್ರಾಪು ಬಿಡಿಸಿಕೊಂಡು ಊರಿಗೆ ಹೋಗುವ ಕಾಲ ಬಂದಿತು. ಬರಿಯ ಕತ್ತಿಯಿಂದ ಆಗುವ ಕೆಲಸವಲ್ಲ ಕ್ರಾಪು. ಅದಕ್ಕೆ ಕತ್ತರಿ ಬೇಕು, ಮಶೀನು ಬೇಕು, ಎದುರಿಗೆ ಕನ್ನಡಿ ಬೇಕು, ಎತ್ತರದ ಕುರ್ಚಿ ಬೇಕು. ಇಷ್ಟೆಲ್ಲವನ್ನು ಹಡಪದಲ್ಲಿ ಹೊತ್ತು ತಿರುಗಲಾದೀತೆ? ಅಂಗಡಿ ಹೀಗೆ ಹುಟ್ಟಿಕೊಂಡಿತು, ಜೊತೆಗೆ 'ಸಲೂನು' ಎಂಬ ಹೆಸರೂ ಬಂದಿತು. ಫ್ರೆಂಚರಲ್ಲಿ ಆ ಮಾತಿಗೆ ಸಿರಿವಂತರು ಅತಿಥಿಗಳನ್ನು ಕಾಣುವ ದಿವಾನಖಾನೆಯೆಂದು ಅರ್ಥ. ನಮ್ಮವರು ಅದನ್ನು ಸಾರ್ಥಕಪಡಿಸಿದರೆನ್ನಬೇಕು. ಧಾರವಾಡದ ಆಕಾಶವಾಣಿ 1950ರಲ್ಲಿ ಪ್ರಾರಂಭವಾದ ಮೇಲೆ, ಸರದಿಗಾಗಿ ಕಾಯುವವರು ವಾರ್ತೆ ಕೇಳಿ ವಾದಿಸಲು ಇದಕ್ಕಿಂತ ಒಳ್ಳೆಯ ತಾಣ ಪೇಟೆಯಲ್ಲಿ ಎಷ್ಟಿದ್ದವು?

ಆದರೆ ಅಂಗಡಿಯಾದೊಡನೆ ಹೊಸದೊಂದು ಭೇದವೂ ಆಯಿತು. ಹಳ್ಳಿಯಲ್ಲಿ ಕಸುಬುದಾರನೊಬ್ಬನೇ, ಇಲ್ಲಿ ಕುರ್ಚಿಯ ಒಡೆಯನು ಬೇರೆ, ಕುರ್ಚಿಯ ಹಿಂದೆ ನಿಂತ ಕಾರಾಗೀರನು ಬೇರೆ. ಬಾಡಿಗೆ, ಕನ್ನಡಿ, ಸಾಬೂನು ಒಡೆಯನವು, ಕೈ ಕಾರಾಗೀರನದು, ಬಂದ ಹಣದಲ್ಲಿ ಪಾಲು. ಸಮಪಾಲಿನ ರೂಢಿ ಹಲವೆಡೆ ಕಂಡುಬರುತ್ತದೆ. ಈ ಕೈ ಒಂದು ದಿನದಲ್ಲಿ ಪಳಗಿದ್ದಲ್ಲ. ಹುಡುಗನಾಗಿ ಸೇರಿದವನು ಮೊದಲು ಕೂದಲು ಗುಡಿಸಬೇಕು, ನೀರು ಕಾಯಿಸಬೇಕು, ನೊರೆ ಎಬ್ಬಿಸಬೇಕು, ಚರ್ಮದ ಪಟ್ಟಿಗೆ ಕತ್ತಿ ತಿಕ್ಕಬೇಕು. ಬೇಸರಪಡದ ನೆಂಟನೊಬ್ಬನ ಗಡ್ಡದ ಮೇಲೆ ಮೊದಲ ಪರೀಕ್ಷೆ. ಕಿವಿಯ ಹಿಂದಿನ ಕೂದಲನ್ನು ಗಾಯವಾಗದಂತೆ ತಿರುವುವುದನ್ನೂ, ಯಾವ ಗಿರಾಕಿಗೆ ಮಾತು ಬೇಕು ಯಾವ ಗಿರಾಕಿಗೆ ಮೌನ ಬೇಕೆಂಬುದನ್ನೂ ಕಲಿಯುವ ಹೊತ್ತಿಗೆ ಮೀಸೆ ಬಂದಿರುತ್ತದೆ. ಆಮೇಲೆ, ಒಂದು ದಿನ, ನಾನೇ ಏಕೆ ಎರಡು ಕುರ್ಚಿ ಹಾಕಬಾರದು ಎಂಬ ವಿಚಾರವೂ ಬರುತ್ತದೆ.

ಕೊಪ್ಪೀಕರ ರಸ್ತೆಯಲ್ಲಾಗಲಿ ಕೇಶ್ವಾಪುರದಲ್ಲಾಗಲಿ, ಇಂಥವನು ಅಂಗಡಿ ಬಿಟ್ಟು ಹೊರಟಾಗ ಒಡೆಯನ ಮನಸ್ಸು ಕಹಿಯಾಗುವುದು ಅರ್ಥವಾಗದ ಸಂಗತಿಯಲ್ಲ. ಕಲಿಸಿದವನು ಅವನು. ಹೋಗುವವನು ಕತ್ತರಿಯನ್ನಷ್ಟೇ ಒಯ್ಯುವುದಿಲ್ಲ, ಗಿರಾಕಿಗಳನ್ನೂ ಒಯ್ಯುತ್ತಾನೆ. ಏಕೆಂದರೆ ತಲೆ ಒಗ್ಗಿಕೊಂಡಿರುವುದು ಒಂದು ಕೈಗೆ, ಬಾಗಿಲ ಮೇಲಿನ ಹಲಗೆಗಲ್ಲ. 'ನನ್ನ ಓಣಿಯಲ್ಲಿ ಅಂಗಡಿ ತೆರೆಯಬೇಡ' ಎಂದು ಒಡೆಯನು ಹೇಳಬಹುದು. ಬರೆಸಿಕೊಂಡರೆ? ಇಲ್ಲಿ ಕಾಯಿದೆಯ ಮಾತು ಬರುತ್ತದೆ, ಅದು ಕುತೂಹಲಕರವಾಗಿದೆ.

ಇಂಗ್ಲೆಂಡಿನಲ್ಲಿ 1711ರಲ್ಲಿ ಇದಕ್ಕೆ ಹೋಲುವ ಮೊಕದ್ದಮೆಯೊಂದು ನಡೆಯಿತು. ತನ್ನ ಬೇಕರಿಯನ್ನು ಇನ್ನೊಬ್ಬನಿಗೆ ವಹಿಸಿಕೊಟ್ಟವನು, ಐದು ವರ್ಷ ಅದೇ ಪ್ರದೇಶದಲ್ಲಿ ರೊಟ್ಟಿಯ ಕಸುಬು ಮಾಡುವುದಿಲ್ಲವೆಂದು ಒಪ್ಪಿದ್ದನು. ಕಟ್ಟು ನ್ಯಾಯವಾಗಿದ್ದರೆ ನಡೆಯತಕ್ಕದ್ದೇ ಎಂದು ಅಲ್ಲಿಯ ನ್ಯಾಯಾಲಯ ಹೇಳಿತು. ಆದರೆ ಭಾರತದ 1872ರ ಕರಾರು ಕಾಯಿದೆ ಇಷ್ಟು ಸಡಿಲಲ್ಲ. ಅದರ 27ನೆಯ ಕಲಮಿನ ಪ್ರಕಾರ, ಒಬ್ಬನು ನ್ಯಾಯವಾದ ಕಸುಬನ್ನು ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. 1874ರಲ್ಲಿ ಕಲಕತ್ತೆಯ ಇಬ್ಬರು ಎದುರಾಳಿ ಅಂಗಡಿಕಾರರ ವ್ಯಾಜ್ಯ ಬಂದಾಗ ಹೈಕೋರ್ಟು ಇದನ್ನೇ ಎತ್ತಿಹಿಡಿಯಿತು: ಒಂದೇ ಓಣಿಯ ಮಟ್ಟಿಗಿನ ತಡೆಯೂ ತಡೆಯೇ. ಕೆಲಸ ಬಿಟ್ಟ ಮೇಲೂ ಬೆನ್ನಟ್ಟುವ ಇಂಥ ಕಟ್ಟು ನಿಲ್ಲದೆಂಬ ನಿಲುವು 1980ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿಯೂ ಇದೆ. ಕೆಲಸದಲ್ಲಿರುವಾಗ ಒಡೆಯನಿಗೆ ನಿಷ್ಠನಾಗಿರಬೇಕೆಂಬ ಕಟ್ಟು ಬೇರೆ ಮಾತು. ಅಂಗಡಿಯನ್ನೂ ಅದರ ಹೆಸರನ್ನೂ ಮಾರಿದವನು ಕೊಂಡವನಿಗೆ ಕೊಟ್ಟ ಮಾತೂ ಬೇರೆ. ಬರಿಯ ಕಾರಾಗೀರನ ಕೈಯನ್ನು ಮಾತ್ರ ಓಣಿಯ ಗಡಿ ಹಾಕಿ ಕಟ್ಟಲಾಗದು. ಮನೆಗಳು ಪಾಲಾಗಿ ಬರುತ್ತಿದ್ದ ಹಳ್ಳಿಯ ರೂಢಿಗೂ ಇದಕ್ಕೂ ಎಷ್ಟು ದೂರ!

ಹಳ್ಳಿಯ ರೂಢಿಯೂ ಸಡಿಲುತ್ತಿತ್ತು. ಊರಿಗೆ ಉಪಯುಕ್ತರಾದ ಸೇವಕರ ಇನಾಮುಗಳನ್ನು ರದ್ದುಪಡಿಸುವ ಕಾಯಿದೆಯನ್ನು ಮುಂಬಯಿ ಸರಕಾರವು 1953ರಲ್ಲಿ ಮಾಡಿತು. 1950ರ ಸಂವಿಧಾನವು ಬೇಕಾದ ಕಸುಬನ್ನು ಮಾಡುವ ಹಕ್ಕನ್ನು ಕೊಟ್ಟಿತ್ತು. ಆದರೆ ಅದೇ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು; 1955ರ ಕಾಯಿದೆಯು ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. ಅಂಗಡಿ ಸ್ವಂತದ್ದಾದರೂ ಕುರ್ಚಿಯಲ್ಲಿ ಕೂಡ್ರುವ ಹಕ್ಕು ಎಲ್ಲರದು. ಇದನ್ನು ಒಪ್ಪದ ಊರುಗಳ ಸುದ್ದಿ ಇತ್ತೀಚಿನ ವರ್ಷಗಳಲ್ಲಿಯೂ ನಮ್ಮ ರಾಜ್ಯದಿಂದ ಬಂದಿದೆಯೆಂಬುದು ನಾಚಿಕೆಯ ಸಂಗತಿ. ಅಲ್ಲಿ ಕೂಡ, ಕ್ಷೌರಿಕನ ಮೇಲೆ ಊರಿನ ಒತ್ತಡವೆಷ್ಟು ಎಂಬುದನ್ನು ವಿಚಾರಿಸದೆ ಅವನೊಬ್ಬನನ್ನೇ ದೂರುವುದು ಸುಲಭವಾಗಿದೆ.

ಸ್ವಂತ ಅಂಗಡಿಗೆ ಅದರದೇ ಆದ ಬರಗಾಲಗಳಿವೆ. 2020ರ ಮಾರ್ಚಿನಲ್ಲಿ ಸೋಂಕಿನ ಭಯದಿಂದ ದೇಶವೇ ಬಾಗಿಲು ಹಾಕಿದಾಗ, ಮುಟ್ಟಿ ಮಾಡುವ ಈ ಕಸುಬು ಮೊದಲು ನಿಂತಿತು. ಕಾರಾಗೀರನಿಗೆ ಗಳಿಕೆ ಹೋಯಿತು. ಒಡೆಯನಿಗೆ ಗಳಿಕೆಯೂ ಹೋಗಿ ಬಾಡಿಗೆಯ ಚಿಂತೆ ಉಳಿಯಿತು. ಆ ಮೇ ತಿಂಗಳಲ್ಲಿ ರಾಜ್ಯ ಸರಕಾರವು ಸುಮಾರು 2 ಲಕ್ಷ 30 ಸಾವಿರ ಕ್ಷೌರಿಕರಿಗೆ ತಲಾ 5,000 ರೂಪಾಯಿ ನೆರವನ್ನು ಸಾರಿತು. 2023ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಸೇರಿದೆ: ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಅಡವಿಲ್ಲದೆ, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿ ಸಾಲ. ಎರಡು ಕುರ್ಚಿಗೂ ಒಂದು ಕನ್ನಡಿಗೂ ಇದು ಸಾಕಾದೀತು. ಮಾಲಕನು ಕೇಳುವ ಮುಂಗಡ ಠೇವಣಿಯನ್ನು ಮಾತ್ರ ಇಂದಿಗೂ ಹಲವರು ಹೆಂಡತಿಯ ಬಂಗಾರದಿಂದಲೋ ಅಣ್ಣತಮ್ಮಂದಿರ ಕೈಗಡದಿಂದಲೋ ಹೊಂದಿಸಿಕೊಳ್ಳುತ್ತಾರೆ. ಬಾಗಿಲು ತೆರೆದ ಮೇಲೆ ಅವರಿಗೂ ಒಬ್ಬ ಹುಡುಗ ಬೇಕಾಗುತ್ತಾನೆ, ಕೂದಲು ಗುಡಿಸಲಿಕ್ಕೆ.